ಸಿಗ್ನಲ್‌ನಲ್ಲಿ ಮಾತ್ರ ಕಾರು ಬಿಸಿಯಾಗ್ತಿದೆಯೇ? ಬಿಲ್ ಕಟ್ಟುವ ಮೊದಲು ಫ್ಯಾನ್ ನೋಡಿ

ಹೊಸೂರು ಹೈವೇಯಲ್ಲಿ 80ರ ವೇಗದಲ್ಲಿ ತಣ್ಣಗೆ ಓಡಿದ ಕಾರು, ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಹತ್ತು ನಿಮಿಷ ನಿಂತರೆ ಮೀಟರ್ ಮುಳ್ಳು ಕೆಂಪು ಗೆರೆಯತ್ತ ಏರುತ್ತೆ. ಎಂಜಿನ್ನೇ ಹೋಯ್ತು ಅಂತ ಹೆದರಬೇಡಿ. ಓಡುವ ಕಾರಿಗೆ ಗಾಳಿ ಪುಕ್ಕಟೆ. ನಿಂತ ಕಾರಿಗೆ ಅದನ್ನು ಎಳೆದು ಕೊಡೋದು ರೇಡಿಯೇಟರ್ ಫ್ಯಾನ್. ಹೀಗೆ ನಿಂತಾಗ ಮಾತ್ರ ಬಿಸಿಯಾದರೆ ನನ್ನ ಮೊದಲ ಅನುಮಾನ ಅದರ ಮೇಲೆಯೇ.

ಕೂಲಂಟ್ ಎಂಜಿನ್ನಿನ ಬಿಸಿಯನ್ನು ಹೊತ್ತು ರೇಡಿಯೇಟರಿಗೆ ತರುತ್ತೆ. ಅದು ಸುಮಾರು 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಸೆನ್ಸರ್ ಕಾರಿನ ಕಂಪ್ಯೂಟರಿಗೆ ತಿಳಿಸುತ್ತೆ, ಕಂಪ್ಯೂಟರ್ ರಿಲೇಗೆ ಹೇಳುತ್ತೆ, ರಿಲೇ ಮೋಟಾರಿಗೆ ಕರೆಂಟ್ ಬಿಡುತ್ತೆ. ಸರ್ಕಾರಿ ಕಚೇರಿಯ ಫೈಲ್ ಥರ. ಯಾವ ಮೇಜಿನ ಮೇಲೆ ನಿಂತಿದೆ ಅಂತ ಹುಡುಕಬೇಕು, ಅಷ್ಟೇ.

ಮೊದಲ ಪರೀಕ್ಷೆಗೆ ಸ್ಪ್ಯಾನರ್ ಕೂಡ ಬೇಡ. ಎಂಜಿನ್ ಚಾಲು ಮಾಡಿ, ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗುತ್ತೆ. ಎಸಿಗೆ ತಿರುಗಿ, ಬರೀ ಬಿಸಿಗೆ ತಿರುಗದಿದ್ದರೆ ಮೋಟಾರ್ ಜೀವಂತ ಇದೆ; ಸೆನ್ಸರ್, ಅದರ ವೈರು ನೋಡಿಸಿ. ಎರಡಕ್ಕೂ ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ. ಫ್ಯೂಸ್ ಬಾಕ್ಸಿನಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದಲು ಬದಲು ಮಾಡಿದರೆ ಉತ್ತರ ಸಿಗುತ್ತೆ. (ಎಂಜಿನಿಯರಿಂಗ್ ಕಾಲೇಜಲ್ಲಿ ಶಾಖ ವರ್ಗಾವಣೆಯ ಸಮೀಕರಣ ಬರೆಸಿದರು. ಈ ಉಪಾಯ ಹೇಳಿಕೊಟ್ಟಿದ್ದು ಮಾತ್ರ ಗ್ಯಾರೇಜಿನ ಹುಡುಗ.) ಅದಕ್ಕೂ ಬಗ್ಗದಿದ್ದರೆ ಮೆಕ್ಯಾನಿಕ್ ಬಳಿ ಮೋಟಾರಿಗೆ ನೇರ 12 ವೋಲ್ಟ್ ಕೊಡಿಸಿ. ಆಗಲೂ ಸುಮ್ಮನಿದ್ದರೆ ಮೋಟಾರ್ ಹೋಗಿದೆ. ಎಷ್ಟೋ ಸಲ ಒಳಗಿನ ಕಾರ್ಬನ್ ಬ್ರಷ್ ಸವೆದಿರುತ್ತೆ. ಫ್ಯೂಸ್ ಮತ್ತೆ ಮತ್ತೆ ಸುಡುತ್ತೆ ಅಂತ ದೊಡ್ಡದು ಹಾಕಲೇಬೇಡಿ, ಮುಂದಿನ ಸಲ ಸುಡೋದು ವೈರು.

ಹೈವೇಯಲ್ಲೇ ಬಿಸಿಯಾಗುವ ಕಾರಿನದು ಬೇರೆ ಕಥೆ. ಅಲ್ಲಿ ಕೂಲಂಟ್ ಕಡಿಮೆಯಾಗಿರಬಹುದು, ಥರ್ಮೋಸ್ಟಾಟ್ ಅಂಟಿಕೊಂಡಿರಬಹುದು, ರೇಡಿಯೇಟರ್ ಕಟ್ಟಿರಬಹುದು.

ಬಿಸಿ ಇರುವಾಗ ಕ್ಯಾಪ್ ತೆರೆಯಬೇಡಿ, ಒತ್ತಡದಲ್ಲಿರುವ ಕೂಲಂಟ್ ಮುಖಕ್ಕೇ ಚಿಮ್ಮುತ್ತೆ. ಎಂಜಿನ್ ಆಫ್ ಆದ ಮೇಲೂ ಫ್ಯಾನ್ ತಾನಾಗಿ ತಿರುಗಬಹುದು, ಕೈ ದೂರ ಇರಲಿ. ಬಿಸಿಯಾದ ಕಾರನ್ನು ಹಾಗೇ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ಇಎಂಐ ಕಟ್ಟುವ ಕ್ಯಾಬ್ ಚಾಲಕರಿಗೆ ಅದು ಬಿಲ್ ಜೊತೆಗೆ ದಿನಗಟ್ಟಲೆ ದುಡಿಮೆಯ ನಷ್ಟ.

ಆದ್ದರಿಂದ ಇದು ಬರೀ ಯಂತ್ರದ ಮಾತಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ 'ರಿಪೇರಿಯ ಹಕ್ಕಿ'ನ ಚೌಕಟ್ಟಿಗೆ ಸಮಿತಿ ಮಾಡಿದಾಗ ಮೊಬೈಲ್, ಕೃಷಿ ಯಂತ್ರಗಳ ಜೊತೆ ವಾಹನಗಳನ್ನೂ ಸೇರಿಸಿತ್ತು. ಬಿಡಿಭಾಗ, ಮಾಹಿತಿ ಎರಡೂ ಹೊರಗಿನ ಮೆಕ್ಯಾನಿಕ್‌ಗೂ ಸಿಗಬೇಕು ಅನ್ನೋದು ಅದರ ತಿರುಳು. ಅದು ಕೈಗೆ ಬರೋವರೆಗೂ, 'ಫ್ಯಾನ್ ಅಸೆಂಬ್ಲಿ ಪೂರ್ತಿ ಬದಲಾಯಿಸ್ಬೇಕು ಸಾರ್' ಅಂದವರನ್ನು ಇಷ್ಟು ಕೇಳಿ: ರಿಲೇ ನೋಡಿದ್ರಾ? ಮೋಟಾರಿಗೆ ನೇರ ಕರೆಂಟ್ ಕೊಟ್ಟು ನೋಡಿದ್ರಾ? ಹಳೇ ಪಾರ್ಟ್ ಕೈಗೆ ಕೊಡ್ತೀರಾ?