ಬಾಲ್ಕನಿಗೆ ಬರೋ ಹಕ್ಕಿಗೆ ಏನು ಹಾಕ್ತಿದ್ದೀರಾ?

ಬಿಸಿಲು ಏರ್ತಿದ್ದ ಹಾಗೆ ಫೋನ್ ತುಂಬಾ ಒಂದೇ ಥರದ ರೀಲ್ಸ್. ತಟ್ಟೇಲಿ ಅನ್ನ, ಪಕ್ಕದಲ್ಲಿ ನೀರು, ಹಿಂದೆ ಕಣ್ಣೀರು ಬರಿಸೋ ಮ್ಯೂಸಿಕ್. ಮನಸ್ಸು ಒಳ್ಳೇದೇ. ಆದ್ರೆ ಆ ತಟ್ಟೆಗೆ ಬರೋದು ಯಾರು? ಸಿಟಿಯಲ್ಲಾದ್ರೆ ಹೆಚ್ಚಿನ ಸಲ ಪಾರಿವಾಳ. ನಾವು ಕಾಯ್ತಿರೋ ಗುಬ್ಬಿ, ಪಿಕಳಾರ ಹತ್ತಿರಾನೂ ಸುಳಿಯಲ್ಲ. ಯಾವ ಹಕ್ಕಿ ಬರಬೇಕು ಅನ್ನೋದನ್ನ ನೀವು ಇಡೋ ತಿಂಡಿಯೇ ತೀರ್ಮಾನ ಮಾಡುತ್ತೆ.

ಮೊದಲು ಹಾಕಬಾರದ್ದು. ಉಪ್ಪು ಹಾಕಿದ ಯಾವುದೂ ಬೇಡ: ಚಿತ್ರಾನ್ನ, ಮಿಕ್ಸ್ಚರ್, ಚಿಪ್ಸ್, ನಿನ್ನೆಯ ಮೊಸರನ್ನ. ಅಷ್ಟು ಚಿಕ್ಕ ದೇಹಕ್ಕೆ ಆ ಉಪ್ಪನ್ನ ಹೊರಹಾಕೋ ಶಕ್ತಿ ಇಲ್ಲ. ಬ್ರೆಡ್ ತಿಂದ್ರೆ ಹೊಟ್ಟೆ ತುಂಬುತ್ತೆ, ಪೋಷಣೆ ಸಿಗಲ್ಲ. ಬೂಷ್ಟು ಹಿಡಿದ ಶೇಂಗಾ ವಿಷ. ಬೆಣ್ಣೆ ಹಣ್ಣು ನಮಗೆ ಜ್ಯೂಸ್, ಹಕ್ಕಿಗೆ ಅದೂ ವಿಷವೇ.

ಇನ್ನು ಯೂಟ್ಯೂಬ್‌ನಲ್ಲಿ ಕೊಬ್ಬು ಕರಗಿಸಿ, ಕಾಳು ಸೇರಿಸಿ ಕೇಕ್ ಥರ ಮಾಡೋ ರೆಸಿಪಿ ಇದೆಯಲ್ಲ, ಅದು ಹಿಮ ಬೀಳೋ ದೇಶಗಳದ್ದು. ಅಲ್ಲಿ ಚಳಿಗಾಲದ ರಾತ್ರಿ ಮೈ ಬಿಸಿ ಉಳಿಸಿಕೊಳ್ಳೋಕೆ ಹಕ್ಕಿಗೆ ಕೊಬ್ಬು ಬೇಕು. ನಮ್ಮ ರಾಯಚೂರು, ಕಲಬುರಗಿ ಬಿಸಿಲಲ್ಲಿ ಅದು ಕರಗಿ ಕಮಟು ಹಿಡಿಯುತ್ತೆ, ಜಿಡ್ಡು ರೆಕ್ಕೆಗೆ ಅಂಟಿಕೊಳ್ಳುತ್ತೆ. ಕಾಪಿ ಹೊಡೀಬೇಡಿ.

ಹಾಗಾದ್ರೆ ಏನು ಮಾಡೋಣ? ಅಡುಗೆಮನೇಲಿ ಇರೋದೇ ಸಾಕು. ಒಂದು ದೊಡ್ಡ ಚಮಚ ನವಣೆ, ಅರ್ಧ ಸಜ್ಜೆ, ಅರ್ಧ ಅಕ್ಕಿ ನುಚ್ಚು. ಬೇಯಿಸೋದು ಬೇಡ, ಒಣಗಿದ್ದೇ ಇರಲಿ. ಇದು ಗುಬ್ಬಿಗೆ, ರಾಟವಾಳಕ್ಕೆ. ನಾನು ಬಿ.ಕಾಂ, ಲೆಕ್ಕ ಹಾಕದೆ ಇರೋಕಾಗಲ್ಲ: ದಿನಕ್ಕೆ ಇಷ್ಟೇ ಅಂದ್ರೆ ತಿಂಗಳಿಗೆ ಒಂದು ಕೆಜಿ ಕೂಡ ಖರ್ಚಾಗಲ್ಲ. ಅಗಲವಾದ ತಟ್ಟೆ ಬೇಡ, ಅಲ್ಲಿ ಪಾರಿವಾಳ ಆರಾಮಾಗಿ ಇಳಿಯುತ್ತೆ. ತೆಂಗಿನ ಕರಟಕ್ಕೆ ತಳದಲ್ಲಿ ಸಣ್ಣ ತೂತು ಮಾಡಿ, ದಾರ ಕಟ್ಟಿ ನೇತುಹಾಕಿ. ಅಲ್ಲಾಡೋ ಕರಟದ ಮೇಲೆ ಗುಬ್ಬಿ ಕೂರುತ್ತೆ, ಪಾರಿವಾಳಕ್ಕೆ ಕಷ್ಟ. ಊರಲ್ಲಿ ಬಾಗಿಲಿಗೆ ಕಟ್ಟಿದ ಭತ್ತದ ಕದಿರಿಗೆ ಗುಬ್ಬಿ ಜೋತುಬಿದ್ದು ಕುಕ್ಕೋದನ್ನ ನೋಡಿದವರಿಗೆ ಇದು ಹೊಸದೇನಲ್ಲ.

ಇನ್ನೊಂದು ಕರಟದಲ್ಲಿ ಹಣ್ಣು. ಪಪ್ಪಾಯ, ಸೀಬೆ, ಕಪ್ಪಾಗೋಕೆ ಶುರುವಾದ ಬಾಳೆಹಣ್ಣಿನ ತುಂಡು. ಪಿಕಳಾರ ಬರುತ್ತೆ, ಹತ್ತಿರ ಮರ ಇದ್ರೆ ಕೋಗಿಲೆ, ಕುಟ್ರ ಹಕ್ಕಿನೂ ಬರಬಹುದು. ಅಳಿಲು ಬಂದ್ರೆ ಬರಲಿ ಬಿಡಿ. ಸೂರಕ್ಕಿಗೆ ಸಕ್ಕರೆ ನೀರು ಇಡೋ ಬದಲು ಒಂದು ದಾಸವಾಳದ ಕುಂಡ ಇಡಿ.

ಮರಿಗಳ ಕಥೆ ಬೇರೆ. ಗುಬ್ಬಿ ಕಾಳು ತಿಂದ್ರೂ ಮರಿಗೆ ಕೊಡೋದು ಮುಖ್ಯವಾಗಿ ಹುಳ. ಅದನ್ನ ನಾವು ತಯಾರಿಸೋಕಾಗಲ್ಲ. ಕುಂಡದ ಗಿಡಕ್ಕೆ ಕೀಟನಾಶಕ ಹೊಡೆಯದೆ ಇರೋದೇ ಆ ಮರಿಗೆ ನಾವು ಹಾಕೋ ಊಟ.

ಈಗ ಯಾರೂ ರೀಲ್‌ನಲ್ಲಿ ತೋರಿಸದ ವಿಷಯ, ತೊಳೆಯೋದು. 2005ರ ಸುಮಾರಿಗೆ ಬ್ರಿಟನ್‌ನ ಗ್ರೀನ್‌ಫಿಂಚ್ ಹಕ್ಕಿಗಳಲ್ಲಿ ಟ್ರೈಕೊಮೊನೋಸಿಸ್ ಅನ್ನೋ ರೋಗ ಕಾಣಿಸ್ಕೊಳ್ತು. ಇದನ್ನ ತರೋ ಪರಾವಲಂಬಿ ಪಾರಿವಾಳಗಳಲ್ಲಿ ಮೊದಲಿಂದಲೂ ಇದ್ದದ್ದು. ರೋಗ ಬಂದ್ರೆ ಗಂಟಲು ಊದಿ ನುಂಗೋಕಾಗಲ್ಲ, ಕಾಳಿನ ಎದುರೇ ಕೂತು ಹಸಿವಿನಿಂದ ಸಾಯುತ್ತೆ. ಜನ ಪ್ರೀತಿಯಿಂದ ಇಟ್ಟ ಕಾಳು, ನೀರಿನ ಜಾಗಗಳಲ್ಲೇ ಸೋಂಕು ದಾಟಿತು. ಅಲ್ಲಿ ಗ್ರೀನ್‌ಫಿಂಚ್ ಸಂಖ್ಯೆ ಅರ್ಧಕ್ಕಿಂತ ಜಾಸ್ತಿ ಕುಸಿದಿದೆ.

ಅದಕ್ಕೇ ನೀರನ್ನ ದಿನಾ ಬದಲಾಯಿಸಿ. ಎರಡು ಇಂಚಿಗಿಂತ ಆಳ ಬೇಡ, ನಡುವೆ ಒಂದು ಕಲ್ಲಿಡಿ. ಮಿಕ್ಕಿದ್ದನ್ನ ಸಂಜೆಗೆ ತೆಗೀರಿ, ಇಲ್ಲಾಂದ್ರೆ ರಾತ್ರಿ ಇಲಿ ಬರುತ್ತೆ, ಬೆಳಿಗ್ಗೆ ಪಕ್ಕದ ಮನೆಯವರು ಬರ್ತಾರೆ. ವಾರಕ್ಕೊಮ್ಮೆ ಬಿಸಿನೀರಲ್ಲಿ ಉಜ್ಜಿ, ಬಿಸಿಲಲ್ಲಿ ಒಣಗಿಸಿ. ಯಾವುದಾದ್ರೂ ಹಕ್ಕಿ ಪುಕ್ಕ ಉಬ್ಬಿಸ್ಕೊಂಡು, ಹಾರೋಕೆ ಮನಸ್ಸಿಲ್ಲದೆ ಕರಟದ ಹತ್ತಿರ ಕೂತಿದ್ರೆ ಎರಡು ವಾರ ಎಲ್ಲಾ ನಿಲ್ಲಿಸಿ. ಕೂಗಾಡಿದ್ರೂ ಹಾಕ್ಬೇಡಿ. ಅವು ಬೇರೆ ಕಡೆ ಹುಡುಕ್ಕೊಳ್ತವೆ.