ಅರ್ಬುದರೋಗವೂ ಅತಿಸೂಕ್ಷ್ಮ ಕಣಗಳೂ

ಸಕಲೇಶಪುರದ ಕಾಫಿ ಬೆಳೆಗಾರರಿಗೆ ಬಿಳಿ ಕಾಂಡಕೊರಕವನ್ನು ಪರಿಚಯಿಸಬೇಕಾಗಿಲ್ಲ. ಹುಳು ಅರೇಬಿಕಾ ಗಿಡದ ಕಾಂಡವನ್ನು ಒಳಗೊಳಗೇ ಕೊರೆಯುತ್ತದೆ. ತೊಗಟೆಯ ಮೇಲೆ ಉಬ್ಬುಗೆರೆ ಮೂಡಿ ಎಲೆ ಹಳದಿಯಾಗುವ ವೇಳೆಗೆ ಹಾನಿ ನಡೆದುಹೋಗಿರುತ್ತದೆ. ಅದಕ್ಕೆಂದೇ ಬೆಳೆಗಾರರು ವರ್ಷಕ್ಕೆರಡು ಬಾರಿ ಗಿಡಗಿಡವನ್ನೂ ಪರೀಕ್ಷಿಸಿ, ಹುಳು ಹಿಡಿದುದನ್ನು ಮಾತ್ರ ಕಿತ್ತು ಸುಡುತ್ತಾರೆ. ಅರ್ಬುದರೋಗದ, ಅಂದರೆ ಕ್ಯಾನ್ಸರಿನ, ಮುಂದೆ ವೈದ್ಯರಿಗಿರುವ ಕೆಲಸವೂ ಇದೇ: ಬೇಗ ಕಾಣಬೇಕು, ಕಂಡುದನ್ನಷ್ಟೇ ನಾಶಮಾಡಬೇಕು.

ಈ ಎರಡನೆಯದು ಸುಲಭವಲ್ಲ. ರಕ್ತಕ್ಕೆ ಸೇರಿಸುವ ಮದ್ದು ಬೇಗಬೇಗ ಒಡೆದು ಇಮ್ಮಡಿಸುವ ಜೀವಕೋಶಗಳನ್ನೆಲ್ಲ ಘಾಸಿಗೊಳಿಸುತ್ತದೆ. ಕೂದಲ ಬೇರು, ಬಾಯಿಯ ಒಳಪದರ, ಮೂಳೆಯ ಮಜ್ಜೆಗಳ ಕೋಶಗಳೂ ಅಂಥವೇ. ರೋಗಿಯ ಕೂದಲು ಉದುರುವುದು, ಬಾಯಿ ಹುಣ್ಣಾಗುವುದು ಈ ಕಾರಣದಿಂದ.

ಇಲ್ಲಿ ನೆರವಿಗೆ ಬರುವುವು ನ್ಯಾನೋಕಣಗಳು. ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ. ತಲೆಗೂದಲ ದಪ್ಪವೇ ಸುಮಾರು 80,000 ನ್ಯಾನೋಮೀಟರ್. 100 ನ್ಯಾನೋಮೀಟರಿನ ಆಸುಪಾಸಿನ ಕಣಗಳೊಳಗೆ ಮದ್ದನ್ನು ಅಡಗಿಸಿ ರಕ್ತಕ್ಕೆ ಬಿಡುತ್ತಾರೆ. ಅವಸರದಲ್ಲಿ ಬೆಳೆದ ಅರ್ಬುದದ ಗಡ್ಡೆಯಲ್ಲಿ ರಕ್ತನಾಳಗಳ ಗೋಡೆ ಸಂದುಸಂದಾಗಿರುತ್ತದೆ. ಆರೋಗ್ಯವಾದ ನಾಳದಿಂದ ಸುಲಭವಾಗಿ ಹೊರಬೀಳದ ಕಣ ಅಲ್ಲಿ ನುಸುಳಿ ನಿಲ್ಲುತ್ತದೆ. ಜಪಾನಿನ ಮಾತ್ಸುಮುರಾ ಮತ್ತು ಮಾಯೆದಾ 1986ರಲ್ಲಿ ಇದನ್ನು ತೋರಿಸಿದರು. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡಾಕ್ಸಿಲ್ ಇಂಥ ಮದ್ದು. ಕೊಬ್ಬಿನ ಕಿರುಗುಳ್ಳೆಯೊಳಗೆ ಸೇರಿದ ಡಾಕ್ಸೊರುಬಿಸಿನ್ ಹೃದಯಕ್ಕೆ ಮಾಡುವ ಕೇಡು ಕಡಿಮೆಯಾಯಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಚಿನ್ನ ಮತ್ತು ತಾಮ್ರದ ಸಲ್ಫೈಡ್ ಬೆರೆತ, 8 ನ್ಯಾನೋಮೀಟರಿಗೂ ಕಿರಿದಾದ ಕಣಗಳನ್ನು ರಚಿಸಿರುವ ಸಂಗತಿ 2024ರಲ್ಲಿ ಬೆಳಕಿಗೆ ಬಂತು. ಬೆಳಕನ್ನು ಹೀರಿ ಅವು ಕಾಯುತ್ತವೆ. ಆ ಶಾಖ ಅರ್ಬುದಕೋಶವನ್ನು ಕೊಲ್ಲುತ್ತದೆ. ಹೀರಿದ ಬೆಳಕಿನಿಂದಲೇ ಧ್ವನಿತರಂಗಗಳು ಹೊಮ್ಮಿ ರೋಗದ ನೆಲೆಯನ್ನು ತಿಳಿಸಬಲ್ಲವು. ಪತ್ತೆಗೂ ಚಿಕಿತ್ಸೆಗೂ ಒಂದೇ ಕಣ! ಆದರೆ ಕೇಳುಗರು ಒಂದನ್ನು ಮರೆಯಬಾರದು. ಈ ಪರೀಕ್ಷೆ ನಡೆದುದು ಪ್ರಯೋಗಶಾಲೆಯಲ್ಲಿ, ಶ್ವಾಸಕೋಶ ಮತ್ತು ಗರ್ಭಕಂಠದ ಅರ್ಬುದಕೋಶಗಳ ಮೇಲೆ. ಅಲ್ಲಿಂದ ರೋಗಿಯ ಹಾಸಿಗೆಗೆ ದೂರದ ದಾರಿ. ದೇಹಕ್ಕೆ ಬಿಟ್ಟ ನ್ಯಾನೋಕಣಗಳಲ್ಲಿ ಬಹುಪಾಲು ಯಕೃತ್ತು, ಗುಲ್ಮಗಳಲ್ಲೇ ಸಿಕ್ಕಿಕೊಳ್ಳುತ್ತವೆ. ಗಡ್ಡೆಯನ್ನು ಮುಟ್ಟುವುದು ಅಲ್ಪಾಂಶ.

ಆಲೂರಿನ ಕಡೆಯ ಹಳ್ಳಿಯಲ್ಲಿದ್ದ ನನ್ನ ಅಕ್ಕ ಎದೆಯಲ್ಲಿ ಕಂಡ ಗಂಟೊಂದನ್ನು ಮಳೆಗಾಲವಿಡೀ ಯಾರಿಗೂ ಹೇಳಲಿಲ್ಲ. "ನೋವೇನೂ ಇಲ್ಲವಲ್ಲಪ್ಪ, ಕೊಯ್ಲು ಮುಗಿಯಲಿ" ಎಂದರು. ಬೆಂಗಳೂರಿಗೆ ಕರೆದೊಯ್ಯುವ ವೇಳೆಗೆ ರೋಗ ಮೂಳೆಗಿಳಿದಿತ್ತು. ನೋವಿಲ್ಲದ ಗಂಟನ್ನೇ ಮೊದಲು ತೋರಿಸಬೇಕೆಂಬುದು ನಮಗೆ ಆಗ ತಿಳಿದಿರಲಿಲ್ಲ.

ವಿಜ್ಞಾನ ಎಷ್ಟೇ ಸೂಕ್ಷ್ಮವಾದ ಕಣವನ್ನು ಕೈಗೆ ಕೊಟ್ಟರೂ ಕಳೆದ ಆ ನಾಲ್ಕು ತಿಂಗಳನ್ನು ಮರಳಿ ಕೊಡಲಾರದು. ಕಾಫಿ ಗಿಡವನ್ನು ವರ್ಷಕ್ಕೆರಡು ಬಾರಿ ಪರೀಕ್ಷಿಸುವ ನಾವು ಮನೆಯ ಹೆಣ್ಣುಮಕ್ಕಳ ಆರೋಗ್ಯವನ್ನೂ ಅಷ್ಟೇ ಆಸ್ಥೆಯಿಂದ ವಿಚಾರಿಸಬೇಕು.

(ಬಾನುಲಿ ಭಾಷಣ)