ಫ್ಯಾಂಟಸಿ ರೋಲ್-ಪ್ಲೇಯಿಂಗ್ ಗೇಮ್‌ಗಳಲ್ಲಿ ಪಾತ್ರ ರೂಪಿಸುವಿಕೆ

ಪಾತ್ರ ರೂಪಿಸುವಿಕೆ ಅಥವಾ ಕ್ಯಾರೆಕ್ಟರ್ ಕಸ್ಟಮೈಸೇಶನ್ ಎಂಬುದು ವಿಡಿಯೋ ಗೇಮ್‌ನ ಆಟಗಾರರು ತಾವು ನಡೆಸುವ ಪಾತ್ರದ ರೂಪ, ಹಿನ್ನೆಲೆ, ಸಾಮರ್ಥ್ಯ ಹಾಗೂ ಸ್ವಭಾವಗಳನ್ನು ತಾವೇ ನಿರ್ಧರಿಸಲು ಅವಕಾಶ ನೀಡುವ ವ್ಯವಸ್ಥೆಯಾಗಿದೆ. ಮಾಂತ್ರಿಕರು, ಯೋಧರು, ಎಲ್ಫ್‌ಗಳು, ಡ್ರ್ಯಾಗನ್‌ಗಳು ಮೊದಲಾದವರಿಂದ ಕೂಡಿದ ಕಲ್ಪಿತ ಲೋಕಗಳಲ್ಲಿ ನಡೆಯುವ ಫ್ಯಾಂಟಸಿ ರೋಲ್-ಪ್ಲೇಯಿಂಗ್ ಗೇಮ್‌ಗಳ ಪ್ರಮುಖ ಲಕ್ಷಣಗಳಲ್ಲಿ ಇದೂ ಒಂದು. ಆಟದ ಆರಂಭದಲ್ಲಿ ನೀಡಲಾಗುವ ಪ್ರತಿಯೊಂದು ಆಯ್ಕೆಯೂ ಆಟಗಾರರಲ್ಲಿ ಒಂದು ನಿರೀಕ್ಷೆಯನ್ನು ಹುಟ್ಟಿಸುತ್ತದೆ: ತಾವು ರೂಪಿಸಿದ ಪಾತ್ರ ಯಾರೆಂಬುದನ್ನು ಆ ಲೋಕವು ಗುರುತಿಸಬೇಕು. ಈ ನಿರೀಕ್ಷೆಯನ್ನು ಎಷ್ಟರ ಮಟ್ಟಿಗೆ ಪೂರೈಸಲು ಸಾಧ್ಯ ಎಂಬುದು ಈ ಪ್ರಕಾರದ ಆಟಗಳ ವಿನ್ಯಾಸದಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯಾಗಿದೆ.

ಹಿನ್ನೆಲೆ

ಈ ಪದ್ಧತಿಯ ಮೂಲವು ಮೇಜಿನ ಸುತ್ತ ಕುಳಿತು ಆಡುವ ಆಟಗಳಲ್ಲಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದಲ್ಲಿ ಯೋಧ, ಮಾಂತ್ರಿಕ ಮತ್ತು ಪುರೋಹಿತ ಎಂಬ ಮೂರು ವರ್ಗಗಳಿದ್ದವು. ಬಲ, ಬುದ್ಧಿ, ವಿವೇಕ, ದೇಹದಾರ್ಢ್ಯ, ಚುರುಕುತನ ಹಾಗೂ ವ್ಯಕ್ತಿತ್ವದ ಆಕರ್ಷಣೆ ಎಂಬ ಆರು ಮೂಲ ಸಾಮರ್ಥ್ಯಗಳನ್ನು ಮೂರು ದಾಳಗಳನ್ನು ಉರುಳಿಸಿ ನಿರ್ಧರಿಸಲಾಗುತ್ತಿತ್ತು. ಹೀಗಾಗಿ ಪ್ರತಿಯೊಂದು ಸಾಮರ್ಥ್ಯಕ್ಕೂ 3ರಿಂದ 18ರವರೆಗಿನ ಅಂಕ ದೊರೆಯುತ್ತಿತ್ತು. ಮೂರು ದಾಳಗಳಲ್ಲಿ 18 ಬೀಳುವ ಸಂಭವ 216ರಲ್ಲಿ ಒಂದು ಬಾರಿ ಮಾತ್ರ. ಆದ್ದರಿಂದ ಆರಂಭದಲ್ಲಿ ಪಾತ್ರವೆಂಬುದು ಆಟಗಾರರ ಇಚ್ಛೆಗಿಂತ ಹೆಚ್ಚಾಗಿ ಅದೃಷ್ಟದ ಫಲವಾಗಿತ್ತು.

ಮೇಜಿನ ಆಟದಲ್ಲಿ ಕಥೆಯನ್ನು ನಡೆಸುವವರು ಮನುಷ್ಯರು. ಆಟಗಾರರೊಬ್ಬರು ತಮ್ಮ ಪಾತ್ರವನ್ನು ದೇಶಭ್ರಷ್ಟ ರಾಜಕುಮಾರನೆಂದು ಹೇಳಿಕೊಂಡರೆ, ನಿರ್ವಾಹಕರು ಅದನ್ನು ಆ ಕ್ಷಣದಲ್ಲೇ ಕಥೆಯೊಳಕ್ಕೆ ತರಬಲ್ಲರು. ಆದರೆ ಈ ಪ್ರಕಾರದ ವಿಡಿಯೋ ಗೇಮ್‌ಗಳಲ್ಲಿ ಬರೆದಿಟ್ಟ ಮಾತು ಮತ್ತು ಘಟನೆಗಳು ಮಾತ್ರ ನಡೆಯುತ್ತವೆ. ಮೇಜಿನ ಆಟವು ಕಂಪ್ಯೂಟರ್‌ಗೆ ಬಂದಾಗ ಪಾತ್ರವನ್ನು ರೂಪಿಸುವ ಸ್ವಾತಂತ್ರ್ಯವು ಸುಲಭವಾಗಿ ಜೊತೆಗೆ ಬಂದಿತು; ಅದಕ್ಕೆ ಸ್ಪಂದಿಸುವ ನಿರ್ವಾಹಕರು ಮಾತ್ರ ಬರಲಿಲ್ಲ. ಈ ಆಟಗಳಲ್ಲಿ ಆಯ್ಕೆ ಹಾಗೂ ಪ್ರತಿಫಲದ ನಡುವೆ ಕಾಣುವ ಅಂತರಕ್ಕೆ ಇದೇ ಮೂಲ ಕಾರಣವಾಗಿದೆ.

ಇತಿಹಾಸ

1981ರಲ್ಲಿ ಬಿಡುಗಡೆಯಾದ ವಿಝರ್ಡ್ರಿ ಆಟದಲ್ಲಿ ಆಟಗಾರರು ಆರು ಮಂದಿಯವರೆಗಿನ ತಂಡವನ್ನು ತಾವೇ ರಚಿಸಿಕೊಳ್ಳಬಹುದಾಗಿತ್ತು. ಪಾತ್ರಗಳಿಗೆ ಕುಲ, ವರ್ಗ ಮತ್ತು ಅಂಕಗಳಿದ್ದವೇ ಹೊರತು ಕಥೆಯಲ್ಲಿ ಅವುಗಳ ವ್ಯಕ್ತಿತ್ವಕ್ಕೆ ಹೆಚ್ಚಿನ ಸ್ಥಾನವಿರಲಿಲ್ಲ.

ರಿಚರ್ಡ್ ಗ್ಯಾರಿಯಟ್ ಅವರ ಅಲ್ಟಿಮಾ 4 (1985) ಬೇರೊಂದು ದಾರಿಯನ್ನು ಹಿಡಿಯಿತು. ಇದರಲ್ಲಿ ಆಟಗಾರರು ಅಂಕಗಳನ್ನು ಹಂಚುವುದಿಲ್ಲ. ಎರಡು ಸದ್ಗುಣಗಳು ಪರಸ್ಪರ ಎದುರಾಗುವ ಸಂದಿಗ್ಧ ಪ್ರಶ್ನೆಗಳಿಗೆ ಅವರು ಉತ್ತರಿಸಬೇಕು. ಆ ಉತ್ತರಗಳ ಆಧಾರದ ಮೇಲೆ ಎಂಟು ಸದ್ಗುಣಗಳಲ್ಲಿ ಒಂದಕ್ಕೆ ಹೊಂದುವ ವರ್ಗವು ದೊರೆಯುತ್ತದೆ. ಪಾತ್ರದ ಶಕ್ತಿಯಷ್ಟೇ ಅಲ್ಲದೆ ಅದರ ನೀತಿಯನ್ನೂ ಆಟವು ಕೇಳಿ ತಿಳಿದುಕೊಳ್ಳಬಹುದು ಎಂಬುದನ್ನು ಈ ಆಟ ತೋರಿಸಿಕೊಟ್ಟಿತು.

1996ರಲ್ಲಿ ಬೆಥೆಸ್ಡಾ ಸಂಸ್ಥೆಯ ಡ್ಯಾಗರ್‌ಫಾಲ್ ಆಟವು ಸಿದ್ಧ ವರ್ಗಗಳ ಜೊತೆಗೆ ಸ್ವಂತ ವರ್ಗವನ್ನು ಕಟ್ಟಿಕೊಳ್ಳುವ ಅವಕಾಶವನ್ನೂ ನೀಡಿತು. ವಿಶೇಷ ಅನುಕೂಲಗಳನ್ನು ಪಡೆಯಲು ಬಯಸುವವರು ಅವುಗಳಿಗೆ ಪ್ರತಿಯಾಗಿ ದೌರ್ಬಲ್ಯಗಳನ್ನೂ ಆಯ್ದುಕೊಳ್ಳಬಹುದಾಗಿತ್ತು. ಅದೇ ಸರಣಿಯ ಮಾರೋವಿಂಡ್ (2002) ಆಟದಲ್ಲಿ 27 ಕೌಶಲಗಳಿದ್ದವು. ಮುಂದಿನ ಆಬ್ಲಿವಿಯನ್ (2006) ಆಟದಲ್ಲಿ ಅವು 21ಕ್ಕೂ, ಸ್ಕೈರಿಮ್ (2011) ಆಟದಲ್ಲಿ 18ಕ್ಕೂ ಇಳಿದವು. ಸ್ಕೈರಿಮ್‌ನಲ್ಲಿ ವರ್ಗದ ಆಯ್ಕೆಯನ್ನೇ ಕೈಬಿಡಲಾಯಿತು. ಪಾತ್ರವು ಏನನ್ನು ಹೆಚ್ಚಾಗಿ ಮಾಡುತ್ತದೆಯೋ ಅದರಲ್ಲಿಯೇ ಪಳಗುತ್ತದೆ.

2023ರಲ್ಲಿ ಲ್ಯಾರಿಯನ್ ಸ್ಟುಡಿಯೋಸ್ ಹೊರತಂದ ಬಾಲ್ಡರ್ಸ್ ಗೇಟ್ 3 ಆಟದಲ್ಲಿ 12 ವರ್ಗಗಳೂ 11 ಕುಲಗಳೂ ಇದ್ದವು. ಆಟಗಾರರು ತಮ್ಮದೇ ಪಾತ್ರವನ್ನು ರಚಿಸಬಹುದು ಅಥವಾ ಪೂರ್ವಕಥೆಯುಳ್ಳ ಸಿದ್ಧ ಪಾತ್ರಗಳಲ್ಲಿ ಒಂದನ್ನು ಆಯ್ದುಕೊಳ್ಳಬಹುದು.

ವಿಧಗಳು

ಪಾತ್ರ ರೂಪಿಸುವಿಕೆಯನ್ನು ಸ್ಥೂಲವಾಗಿ ನಾಲ್ಕು ವಿಧಗಳಾಗಿ ವಿಂಗಡಿಸಬಹುದು.

ರೂಪ: ಮುಖ, ಕೇಶ, ಮೈಬಣ್ಣ, ಧ್ವನಿ ಇತ್ಯಾದಿಗಳ ಆಯ್ಕೆ. ಸಾಮಾನ್ಯವಾಗಿ ಇದು ಆಟದ ನಿಯಮಗಳ ಮೇಲೆ ಪರಿಣಾಮ ಬೀರುವುದಿಲ್ಲ. ಕ್ಯಾಪ್‌ಕಾಮ್ ಸಂಸ್ಥೆಯ ಡ್ರ್ಯಾಗನ್ಸ್ ಡಾಗ್ಮಾ (2012) ಇದಕ್ಕೆ ಅಪವಾದ. ಅದರಲ್ಲಿ ಪಾತ್ರದ ಎತ್ತರ ಮತ್ತು ತೂಕವು ಹೊರಬಲ್ಲ ಭಾರವನ್ನೂ ದಣಿವಿನ ಪ್ರಮಾಣವನ್ನೂ ನಿರ್ಧರಿಸುತ್ತದೆ.

ಮೂಲ: ಪಾತ್ರದ ಕುಲ, ಊರು, ಸಾಮಾಜಿಕ ಸ್ಥಾನ. ಮಾರೋವಿಂಡ್‌ನಲ್ಲಿ ಬೆಕ್ಕಿನಂತಿರುವ ಖಜೀತ್ ಮತ್ತು ಹಲ್ಲಿಯಂತಿರುವ ಆರ್ಗೋನಿಯನ್ ಕುಲದವರು ಬೂಟುಗಳನ್ನಾಗಲಿ ಮುಖ ಮುಚ್ಚುವ ಶಿರಸ್ತ್ರಾಣವನ್ನಾಗಲಿ ಧರಿಸುವಂತಿಲ್ಲ. ದೇಹರಚನೆಯೇ ಇಲ್ಲಿ ನಿಯಮವಾಗಿದೆ.

ಸಾಮರ್ಥ್ಯ: ವರ್ಗ, ಕೌಶಲ, ಮಂತ್ರಗಳ ಆಯ್ಕೆ. ಎಲ್ಡನ್ ರಿಂಗ್ (2022) ಆಟದಲ್ಲಿ ಹತ್ತು ಆರಂಭಿಕ ವರ್ಗಗಳಿದ್ದರೂ ಅವು ಆರಂಭದ ಅಂಕಗಳನ್ನೂ ಆಯುಧಗಳನ್ನೂ ಮಾತ್ರ ನಿರ್ಧರಿಸುತ್ತವೆ. ಮುಂದೆ ಯಾವ ವರ್ಗದವರು ಬೇಕಾದರೂ ಯಾವ ವಿದ್ಯೆಯನ್ನಾದರೂ ಕಲಿಯಬಹುದು.

ನಡತೆ: ಆಟದುದ್ದಕ್ಕೂ ಕೈಗೊಳ್ಳುವ ನಿರ್ಧಾರಗಳಿಂದ ಪಾತ್ರವು ರೂಪುಗೊಳ್ಳುವುದು. ಫೇಬಲ್ (2004) ಆಟದಲ್ಲಿ ದುಷ್ಕೃತ್ಯ ಎಸಗಿದ ನಾಯಕನಿಗೆ ಕೊಂಬುಗಳು ಮೂಡುತ್ತವೆ. ಸತ್ಕಾರ್ಯ ಮಾಡಿದವನ ತಲೆಯ ಸುತ್ತ ಪ್ರಭಾವಳಿ ಕಾಣಿಸಿಕೊಳ್ಳುತ್ತದೆ.

ಆಟಗಾರರ ನಿರೀಕ್ಷೆಗಳು

ಮೊದಲನೆಯ ನಿರೀಕ್ಷೆ ಗುರುತಿಸುವಿಕೆ. ಬಯೋವೇರ್ ಸಂಸ್ಥೆಯ ಡ್ರ್ಯಾಗನ್ ಏಜ್: ಆರಿಜಿನ್ಸ್ (2009) ಇದಕ್ಕೆ ಹೆಸರಾದ ಉದಾಹರಣೆ. ಆಯ್ದುಕೊಂಡ ಕುಲ, ವರ್ಗ ಹಾಗೂ ಹುಟ್ಟಿಗೆ ಅನುಗುಣವಾಗಿ ಆರು ಬೇರೆ ಬೇರೆ ಆರಂಭದ ಕಥೆಗಳು ಇದರಲ್ಲಿವೆ. ಡ್ವಾರ್ಫ್ ರಾಜವಂಶದಲ್ಲಿ ಹುಟ್ಟಿದ ಪಾತ್ರವು ಮುಂದೆ ತನ್ನ ಊರಾದ ಒರ್ಜಮರ್‌ಗೆ ಮರಳಿದಾಗ ಅಲ್ಲಿನವರು ಅದರ ಹಿಂದಿನ ಬದುಕನ್ನು ನೆನಪಿಟ್ಟುಕೊಂಡೇ ಮಾತನಾಡುತ್ತಾರೆ. ಮಾನವ ಕುಲೀನ ಮನೆತನದ ಪಾತ್ರಕ್ಕೆ ಮಾತ್ರ ಸಿಂಹಾಸನದ ಪಾಲುದಾರರಾಗುವ ಅವಕಾಶವಿದೆ. ಡ್ವಾರ್ಫ್‌ಗಳು ಮಾಂತ್ರಿಕರಾಗುವಂತಿಲ್ಲ ಎಂಬ ನಿರ್ಬಂಧವೂ ಇದೆ. ಆ ಲೋಕದಲ್ಲಿ ಡ್ವಾರ್ಫ್‌ಗಳಿಗೂ ಮಂತ್ರಶಕ್ತಿಗೂ ಇರುವ ಸಂಬಂಧವನ್ನು ಕಥೆಯೇ ವಿವರಿಸುವುದರಿಂದ ಈ ನಿರ್ಬಂಧವು ಕೊರತೆಯಾಗಿ ಕಾಣದೆ ಲೋಕದ ನಿಯಮವಾಗಿ ಕಾಣುತ್ತದೆ.

ಎರಡನೆಯದು, ಸಾಮರ್ಥ್ಯಕ್ಕೆ ಅರ್ಥವಿರಬೇಕೆಂಬ ನಿರೀಕ್ಷೆ. ಆರ್ಕೇನಮ್ (2001) ಆಟದಲ್ಲಿ ಬುದ್ಧಿಯ ಅಂಕ ತೀರಾ ಕಡಿಮೆಯಿರುವ ಪಾತ್ರದ ಸಂಭಾಷಣೆಯೇ ಬೇರೆಯಾಗಿರುತ್ತದೆ. ಎಲ್ಡರ್ ಸ್ಕ್ರೋಲ್ಸ್ ಸರಣಿಯ ಎರಡು ಆಟಗಳ ಹೋಲಿಕೆಯೂ ಇದನ್ನು ಸ್ಪಷ್ಟಪಡಿಸುತ್ತದೆ. ಮಾರೋವಿಂಡ್‌ನ ಮಾಂತ್ರಿಕರ ಸಂಘದಲ್ಲಿ ಮೇಲಿನ ಹುದ್ದೆಗೇರಲು ಮಂತ್ರವಿದ್ಯೆಯ ಕೌಶಲಗಳು ನಿರ್ದಿಷ್ಟ ಮಟ್ಟವನ್ನು ತಲುಪಿರಬೇಕು. ಸ್ಕೈರಿಮ್‌ನಲ್ಲಿ ಅಂತಹ ನಿಯಮವಿಲ್ಲ. ಕೆಲವೇ ಮಂತ್ರಗಳನ್ನು ಬಲ್ಲ ಖಡ್ಗಧಾರಿಯೂ ಮಾಂತ್ರಿಕರ ವಿದ್ಯಾಲಯದ ಮುಖ್ಯಸ್ಥನಾಗಬಹುದು. ಒಂದೇ ಪಾತ್ರದಿಂದ ಇಡೀ ಆಟವನ್ನು ನೋಡಬಹುದೆಂಬುದು ಎರಡನೆಯ ವಿಧಾನದ ಅನುಕೂಲ. ಪಾತ್ರ ಯಾರಾಗಿದ್ದರೂ ಒಂದೇ ಎಂಬ ಭಾವನೆ ಮೂಡುವುದು ಅದರ ದೋಷ.

ಮೂರನೆಯದು ನ್ಯಾಯದ ನಿರೀಕ್ಷೆ. ಆಟವು ನೀಡಿದ ಆಯ್ಕೆಗಳಲ್ಲಿ ಯಾವುದನ್ನು ಆರಿಸಿಕೊಂಡರೂ ಆಟವನ್ನು ಮುಗಿಸಲು ಸಾಧ್ಯವಾಗಬೇಕು ಎಂದು ಆಟಗಾರರು ಬಯಸುತ್ತಾರೆ. ಆರಂಭದಲ್ಲಿ ನಿಯಮಗಳ ಪರಿಚಯವೇ ಇಲ್ಲದೆ ಮಾಡಿದ ತಪ್ಪು ಹತ್ತಾರು ಗಂಟೆಗಳ ಬಳಿಕ ಶಿಕ್ಷೆಯಾಗಿ ಪರಿಣಮಿಸಿದರೆ ಅಸಮಾಧಾನ ಉಂಟಾಗುತ್ತದೆ.

ನಾಲ್ಕನೆಯದು, ತಮ್ಮನ್ನೇ ಅಥವಾ ತಾವು ಕಲ್ಪಿಸಿಕೊಂಡ ವ್ಯಕ್ತಿಯನ್ನು ಪರದೆಯ ಮೇಲೆ ಕಾಣುವ ನಿರೀಕ್ಷೆ. ಕಪ್ಪು ಮೈಬಣ್ಣ, ಗುಂಗುರು ಕೂದಲು ಮೊದಲಾದವುಗಳಿಗೆ ಆಯ್ಕೆಗಳು ಕಡಿಮೆ ಎಂಬ ದೂರು ದೀರ್ಘಕಾಲದಿಂದ ಕೇಳಿಬಂದಿದೆ. ಬಾಲ್ಡರ್ಸ್ ಗೇಟ್ 3 ಆಟದಲ್ಲಿ ದೇಹದ ಮಾದರಿ, ಧ್ವನಿ ಮತ್ತು ಲಿಂಗ ಗುರುತನ್ನು ಪ್ರತ್ಯೇಕವಾಗಿ ಆರಿಸಬಹುದು. ತೊನ್ನಿನ ಕಲೆಗಳನ್ನೂ ಸೇರಿಸಿಕೊಳ್ಳಬಹುದು.

ನಿರ್ಮಾಣದ ಮಿತಿಗಳು

ಆಯ್ಕೆಗಳು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. 12 ವರ್ಗ ಮತ್ತು 11 ಕುಲಗಳಿಂದಲೇ 132 ಜೋಡಿಗಳಾಗುತ್ತವೆ. ಪ್ರತಿಯೊಂದಕ್ಕೂ ಪ್ರತ್ಯೇಕ ಸಂಭಾಷಣೆ ಬರೆದು, ಧ್ವನಿ ಮುದ್ರಿಸಿ, ಪರೀಕ್ಷಿಸುವುದು ಯಾವ ತಂಡಕ್ಕೂ ಕಷ್ಟ. ಒಬ್ಬ ಆಟಗಾರ ಒಂದು ಬಾರಿ ಆಡುವಾಗ ಇವುಗಳಲ್ಲಿ ಬಹುಪಾಲು ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ಬಹುತೇಕ ಆಟಗಳು ಕೆಲವು ಆಯ್ಕೆಗಳಿಗೆ ಮಾತ್ರ ಸ್ಪಂದಿಸುತ್ತವೆ.

ಹೆಸರಿನ ವಿಷಯದಲ್ಲಿ ಈ ಮಿತಿ ಸುಲಭವಾಗಿ ಗೋಚರಿಸುತ್ತದೆ. ಆಟಗಾರರು ಬರೆದುಕೊಂಡ ಹೆಸರನ್ನು ಧ್ವನಿ ಕಲಾವಿದರು ಮೊದಲೇ ಉಚ್ಚರಿಸಿ ಮುದ್ರಿಸಲು ಸಾಧ್ಯವಿಲ್ಲ. ಆದಕಾರಣ ಇತರ ಪಾತ್ರಗಳು ನಾಯಕನನ್ನು ಬಿರುದಿನಿಂದ ಕರೆಯುತ್ತವೆ: ಸ್ಕೈರಿಮ್‌ನಲ್ಲಿ ಡ್ರ್ಯಾಗನ್‌ಬಾರ್ನ್, ಡ್ರ್ಯಾಗನ್ ಏಜ್: ಆರಿಜಿನ್ಸ್‌ನಲ್ಲಿ ವಾರ್ಡನ್.

ಆರಿಜಿನ್ಸ್‌ನ ನಾಯಕ ಪಾತ್ರದ ಸಂಭಾಷಣೆಗೆ ಧ್ವನಿಯಿರಲಿಲ್ಲ. ಡ್ರ್ಯಾಗನ್ ಏಜ್ 2 (2011) ಆಟದಲ್ಲಿ ಧ್ವನಿಯನ್ನು ನೀಡಲಾಯಿತು. ಆದರೆ ನಾಯಕ ಪಾತ್ರವು ಹಾಕ್ ಎಂಬ ಮನೆತನದ ಹೆಸರುಳ್ಳ ಮಾನವನಾಗಿ ಮಾತ್ರ ಇರಬೇಕಾಯಿತು. ಆಯ್ಕೆಯ ಕ್ಷೇತ್ರ ಕಿರಿದಾದರೂ ಉಳಿದ ಆಯ್ಕೆಗಳಿಗೆ ತೂಕ ಬಂದಿತು. ಹಾಕ್ ಮಾಂತ್ರಿಕ ವರ್ಗದವನಾಗಿದ್ದರೆ ತಮ್ಮ ಬದುಕುಳಿಯುತ್ತಾನೆ, ಇತರ ವರ್ಗದವನಾಗಿದ್ದರೆ ತಂಗಿ ಬದುಕುಳಿಯುತ್ತಾಳೆ. 2014ರ ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್ ಆಟದಲ್ಲಿ ಧ್ವನಿಯನ್ನು ಉಳಿಸಿಕೊಂಡೇ ಕುಲದ ಆಯ್ಕೆಯನ್ನು ಮರಳಿ ತರಲಾಯಿತು.

ಸಿದ್ಧ ನಾಯಕ ಪಾತ್ರಗಳು

ಕೆಲವು ಆಟಗಳು ನಾಯಕನನ್ನು ಮೊದಲೇ ನಿರ್ಧರಿಸಿಬಿಡುತ್ತವೆ. ಪ್ಲೇನ್‌ಸ್ಕೇಪ್: ಟಾರ್ಮೆಂಟ್ (1999) ಆಟದಲ್ಲಿ ನೆನಪು ಕಳೆದುಕೊಂಡ, ಹೆಸರಿಲ್ಲದ, ಸಾವಿಲ್ಲದ ವ್ಯಕ್ತಿಯೇ ನಾಯಕ. ಅವನ ರೂಪವನ್ನು ಬದಲಿಸುವಂತಿಲ್ಲ. ಆದರೆ ಬುದ್ಧಿ, ವಿವೇಕದ ಅಂಕಗಳು ಹೆಚ್ಚಿದಷ್ಟೂ ಹೊಸ ಸಂಭಾಷಣೆಗಳೂ ಹಳೆಯ ನೆನಪುಗಳೂ ತೆರೆದುಕೊಳ್ಳುತ್ತವೆ. ಪೋಲೆಂಡಿನ ಲೇಖಕ ಆಂಜೇ ಸಪ್ಕೋವ್ಸ್ಕಿ ಅವರ ಕೃತಿಗಳನ್ನಾಧರಿಸಿದ ದಿ ವಿಚರ್ 3 (2015) ಆಟದ ನಾಯಕ ಗೆರಾಲ್ಟ್. ಅವನ ಗಡ್ಡ, ಕೇಶ, ಕವಚ ಮತ್ತು ಕೌಶಲಗಳನ್ನು ಮಾತ್ರ ಬದಲಿಸಬಹುದು. ಗೆರಾಲ್ಟ್ ಯಾರೆಂಬುದನ್ನು ಕಥೆಗಾರರು ಖಚಿತವಾಗಿ ಬಲ್ಲವರಾದ್ದರಿಂದ ಪ್ರತಿಯೊಂದು ಸನ್ನಿವೇಶವನ್ನೂ ಅವನಿಗೆಂದೇ ಬರೆಯಲು ಸಾಧ್ಯವಾಗಿದೆ. ಈ ಆಟಗಳು ಕಡಿಮೆ ಆಯ್ಕೆಗಳನ್ನು ನೀಡುತ್ತವೆ. ಆದರೆ ನೀಡದಿದ್ದನ್ನು ನೀಡುವುದಾಗಿ ಸೂಚಿಸುವುದಿಲ್ಲ.

ಆಯ್ಕೆಗಳ ಮರುಪರಿಶೀಲನೆ

ಹಳೆಯ ಆಟಗಳಲ್ಲಿ ಒಮ್ಮೆ ಮಾಡಿದ ಆಯ್ಕೆ ಬಹುಮಟ್ಟಿಗೆ ಶಾಶ್ವತವಾಗಿತ್ತು. 2000ದಲ್ಲಿ ಬಿಡುಗಡೆಯಾದ ಡಯಾಬ್ಲೋ 2 ಆಟದಲ್ಲಿ ಕೌಶಲದ ಅಂಕಗಳನ್ನು ತಪ್ಪಾಗಿ ಹಂಚಿದವರು ಹೊಸ ಪಾತ್ರವನ್ನೇ ಆರಂಭಿಸಬೇಕಾಗಿತ್ತು. ಅಂಕಗಳನ್ನು ಮರುಹಂಚುವ ಸೌಲಭ್ಯವು 2010ರ ಪ್ಯಾಚ್‌ನಲ್ಲಿ ಬಂದಿತು. ಬಾಲ್ಡರ್ಸ್ ಗೇಟ್ 3 ಆಟದಲ್ಲಿ 100 ಚಿನ್ನದ ನಾಣ್ಯಗಳನ್ನು ತೆತ್ತು ವರ್ಗವನ್ನೇ ಬದಲಿಸಬಹುದು. ರೂಪವನ್ನು ಬದಲಿಸುವ ಮಾಯಾ ಕನ್ನಡಿಯನ್ನು ಬಿಡುಗಡೆಯ ನಂತರ ಸೇರಿಸಲಾಯಿತು. ಇದರಿಂದ ಪ್ರಯೋಗಕ್ಕೆ ಧೈರ್ಯ ಬರುತ್ತದೆ. ಆದರೆ ಹಿಂಪಡೆಯಬಹುದಾದ ನಿರ್ಧಾರಕ್ಕೆ ಹಿಂದಿನ ಗಾಂಭೀರ್ಯ ಉಳಿಯುವುದಿಲ್ಲ ಎಂಬ ವಾದವೂ ಇದೆ.

ಮಾನಸಿಕ ಪರಿಣಾಮ

ಆಟಗಾರರು ಪಾತ್ರವನ್ನು ರೂಪಿಸುವಂತೆ ಪಾತ್ರವೂ ಆಟಗಾರರ ವರ್ತನೆಯನ್ನು ಪ್ರಭಾವಿಸುತ್ತದೆ. ನಿಕ್ ಯೀ ಮತ್ತು ಜೆರೆಮಿ ಬೈಲೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎತ್ತರದ ರೂಪವನ್ನು ಪಡೆದವರು ಗಿಡ್ಡ ರೂಪವನ್ನು ಪಡೆದವರಿಗಿಂತ ಚೌಕಾಸಿಯಲ್ಲಿ ಹೆಚ್ಚು ಬಿಗಿಯಾಗಿ ವರ್ತಿಸಿದ್ದು ಕಂಡುಬಂದಿತು. ಬೇಕೆಂದಾಗ ರೂಪ ಬದಲಿಸುತ್ತಿದ್ದ ಗ್ರೀಕ್ ದೇವತೆಯ ಹೆಸರಿನಿಂದ ಇದನ್ನು ಪ್ರೋಟಿಯಸ್ ಪರಿಣಾಮ ಎಂದು ಕರೆಯಲಾಗಿದೆ.

ವಿವಾದಗಳು ಮತ್ತು ಟೀಕೆ

ಫೇಬಲ್ ಆಟದ ಬಿಡುಗಡೆಗೆ ಮುನ್ನ ಅದರ ವಿನ್ಯಾಸಕ ಪೀಟರ್ ಮೊಲಿನ್ಯೂ ಅನೇಕ ಸೌಲಭ್ಯಗಳ ಕುರಿತು ಮಾತನಾಡಿದ್ದರು. ಆಟಗಾರರು ಓಕ್ ಮರದ ಬೀಜ ನೆಟ್ಟರೆ ಕಾಲಕ್ರಮೇಣ ಅದು ಮರವಾಗುತ್ತದೆ ಎಂಬುದು ಅವುಗಳಲ್ಲೊಂದು. ಅಂತಿಮ ಆಟದಲ್ಲಿ ಅದು ಇರಲಿಲ್ಲ. ಆಟಕ್ಕೆ ಒಳ್ಳೆಯ ವಿಮರ್ಶೆಗಳು ದೊರೆತರೂ, ಪೂರೈಸದ ಭರವಸೆಗಳಿಗಾಗಿ ಮೊಲಿನ್ಯೂ ಬಹಿರಂಗವಾಗಿ ಕ್ಷಮೆ ಕೋರಿದರು.

ಆಬ್ಲಿವಿಯನ್‌ನಲ್ಲಿ ಶತ್ರುಗಳ ಬಲವು ಪಾತ್ರದ ಮಟ್ಟದೊಂದಿಗೆ ಏರುತ್ತದೆ. ಪರಿಣಾಮವಾಗಿ ಸಾಮಾನ್ಯ ದಾರಿಗಳ್ಳರೂ ಬೆಲೆಬಾಳುವ ಕವಚ ತೊಟ್ಟು ಎದುರಾಗುತ್ತಾರೆ. ಪಾತ್ರವು ಬೆಳೆದರೂ ಬೆಳೆದ ಅನುಭವವಾಗುವುದಿಲ್ಲವೆಂದು ಇದನ್ನು ಟೀಕಿಸಲಾಯಿತು.

2024ರಲ್ಲಿ ಡ್ರ್ಯಾಗನ್ಸ್ ಡಾಗ್ಮಾ 2 ಬಿಡುಗಡೆಯಾದಾಗ ಪಾತ್ರದ ರೂಪವನ್ನು ಮತ್ತೆ ತಿದ್ದಲು ಬೇಕಾದ ವಸ್ತುವನ್ನು ನಿಜವಾದ ಹಣಕ್ಕೆ ಮಾರಾಟಕ್ಕಿಟ್ಟಿದ್ದು ಆಕ್ಷೇಪಕ್ಕೆ ಗುರಿಯಾಯಿತು. ಅದೇ ವಸ್ತು ಆಟದೊಳಗೂ ದೊರೆಯುತ್ತಿತ್ತು. ಆದರೂ, ಪೂರ್ಣ ಬೆಲೆ ತೆತ್ತು ಕೊಂಡ ಆಟದಲ್ಲಿ ತಮ್ಮ ಪಾತ್ರದ ಮುಖವನ್ನು ತಿದ್ದಲು ಮತ್ತೆ ಹಣ ಕೇಳುವುದು ಸರಿಯಲ್ಲವೆಂದು ಅನೇಕ ಆಟಗಾರರು ಪ್ರತಿಭಟಿಸಿದರು.